ಹಳಿಯಾಳದ ಕಾಡು, ಮಲೇರಿಯ ಮತ್ತು ಕುಡುಗೋಲು ಕಣ

ಎಡಗಡೆಯ ಪಕ್ಕೆಲುಬುಗಳ ಮರೆಯಲ್ಲಿ, ಜಠರಕ್ಕೆ ಒತ್ತಿಕೊಂಡಂತೆ, ನಮ್ಮೆಲ್ಲರಲ್ಲೂ ಮುಷ್ಟಿಗಾತ್ರದ ಒಂದು ಅಂಗವಿದೆ. ಅದೇ ಗುಲ್ಮ. ಆರೋಗ್ಯವಂತ ಶಾಲಾಬಾಲಕನ ಹೊಟ್ಟೆಯನ್ನು ಮುಟ್ಟಿ ನೋಡಿದರೆ ಅದು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಹಿಂದಿನ ಮಲೆನಾಡಿನಲ್ಲಿ ಮಾತ್ರ ಅದು ಸುಲಭವಾಗಿ ಸಿಗುತ್ತಿತ್ತು. ಚಳಿಜ್ವರ ಮತ್ತೆ ಮತ್ತೆ ಬಂದ ಮಕ್ಕಳಲ್ಲಿ ಗುಲ್ಮ ಊದಿ, ಗಟ್ಟಿಯಾಗಿ, ಪಕ್ಕೆಲುಬಿನಿಂದ ಕೆಳಗಿಳಿದು ಗಡ್ಡೆಯಂತೆ ತೋರುತ್ತಿತ್ತು. ಜನ ಅದನ್ನು ಜ್ವರಗಡ್ಡೆ ಎಂದೇ ಕರೆದರು.

ಈ ಗಡ್ಡೆ ವೈದ್ಯರಿಗೊಂದು ಅಳತೆಗೋಲೂ ಆಯಿತು. ಎರಡರಿಂದ ಒಂಬತ್ತು ವರ್ಷದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಷ್ಟು ಮಕ್ಕಳಲ್ಲಿ ಗುಲ್ಮ ಕೈಗೆ ಸಿಗುತ್ತದೆ ಎಂದು ಎಣಿಸಿದರೆ ಆ ಊರಿನ ಮಲೇರಿಯದ ಪ್ರಮಾಣ ಗೊತ್ತಾಗುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸಿಕ್ಕರೆ ಅದು ತೀವ್ರ ಮಲೇರಿಯದ ಊರು. ಸೂಜಿ ಬೇಡ, ಸೂಕ್ಷ್ಮದರ್ಶಕ ಬೇಡ, ಅನುಭವವಿರುವ ಒಂದು ಕೈ ಸಾಕು.

ಇಂದಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳ ಹಳ್ಳಿಗಳು ಇಂಥ ಜ್ವರದ ಸೀಮೆಯಲ್ಲಿದ್ದವು. ಆಗಿನ್ನೂ ದಾಂಡೇಲಿ ಬೇರೆ ತಾಲೂಕಾಗಿರಲಿಲ್ಲ, ಹಳಿಯಾಳಕ್ಕೆ ಸೇರಿತ್ತು. ಜೋಯಿಡಾ ಎಂಬ ತಾಲೂಕಿನ ಹೆಸರೇ ಇರಲಿಲ್ಲ, ಅದು ಸೂಪಾ. (ಸೂಪಾ ಊರು ಕಾಳೀ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಮೇಲೆ ಜೋಯಿಡಾ ಮುಖ್ಯಸ್ಥಳವಾಯಿತು.) ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕಾಡಿನ ಹಳ್ಳಗಳ ಅಂಚಿನಲ್ಲಿ, ನಿಧಾನವಾಗಿ ಹರಿಯುವ ತಿಳಿನೀರಿನಲ್ಲಿ, ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆ ಬೆಳೆಯುತ್ತದೆ. ಬೆಟ್ಟದ ತಪ್ಪಲಿನ ಮಲೇರಿಯಕ್ಕೆ ಇದೇ ಮುಖ್ಯ ವಾಹಕ.

ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಡಿಡಿಟಿ ನಾಗರಿಕ ಬಳಕೆಗೆ ಸಿಕ್ಕಿತು. ಮುಂಬಯಿ ಪ್ರಾಂತದ ಮಲೇರಿಯ ತಜ್ಞ ಡಿ. ಕೆ. ವಿಶ್ವನಾಥನ್ ಮತ್ತು ಅವರ ಸಹೋದ್ಯೋಗಿಗಳು 1946ರ ಹೊತ್ತಿಗೆ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗಳಿಗೆ ಅದನ್ನು ಸಿಂಪಡಿಸುವ ದೊಡ್ಡ ಪ್ರಯೋಗ ಕೈಗೊಂಡರು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ಕುಳಿತು ಸುಧಾರಿಸಿಕೊಳ್ಳುತ್ತದೆ, ಅಲ್ಲೇ ಅದನ್ನು ಹಿಡಿಯಬೇಕು ಎಂಬುದು ಅದರ ಹಿಂದಿನ ಯುಕ್ತಿ. ಫಲಿತಾಂಶ ಎಷ್ಟು ಚೆನ್ನಾಗಿತ್ತೆಂದರೆ, 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಅನುಭವವೇ ಒಂದು ಬುನಾದಿಯಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಡಿಡಿಟಿ ಬರುವುದು ಹದ್ದುಗಳ ಮೊಟ್ಟೆ ತೆಳುವಾದ ಕಥೆಯಲ್ಲಿ ಮಾತ್ರ. ಹಳಿಯಾಳ ಸೀಮೆಯ ಮಕ್ಕಳ ಜ್ವರಗಡ್ಡೆ ಇಳಿದ ಕಥೆಯೂ ಅದರ ಪಕ್ಕದಲ್ಲಿ ಇರಬೇಕಿತ್ತು.

ಇಷ್ಟೆಲ್ಲ ಏಕೆ ಹೇಳಬೇಕಾಯಿತು? ಗುಲ್ಮ ಊದುವುದಕ್ಕೆ ಮಲೇರಿಯವೊಂದೇ ಕಾರಣವಲ್ಲ. ಬಿಳಿಚಿಕೊಂಡ ಮುಖ, ಬಿಟ್ಟುಬಿಡದ ಜ್ವರ, ಕೈಕಾಲಿನ ಎಲುಬುಗಳಲ್ಲಿ ನೋವು, ಊದಿದ ಗುಲ್ಮ ಇವಿಷ್ಟೂ ಇರುವ ಒಂದು ಮಗುವನ್ನು ಕಲ್ಪಿಸಿಕೊಳ್ಳಿ. ಅದು ಮಲೇರಿಯ ಆಗಿರಬಹುದು. ಅಸ್ಥಿಮಜ್ಜೆಯಲ್ಲಿ ಬಲಿಯದ ಬಿಳಿ ಕಣಗಳು ಮಿತಿಮೀರಿ ಹೆಚ್ಚುವ ಲ್ಯೂಕೀಮಿಯ, ಅಂದರೆ ರಕ್ತದ ಕ್ಯಾನ್ಸರ್, ಆಗಿರಬಹುದು. ಹುಟ್ಟಿನಿಂದಲೇ ಬಂದ ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ಆಗಿರಬಹುದು. ಕೈಗೆ ಮೂರೂ ಒಂದೇ. ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿ ನೋಡಿದಾಗಲೇ ಅವು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಈ ಮೂರಕ್ಕೂ ಇತಿಹಾಸದಲ್ಲಿ ನೆಂಟಸ್ತಿಕೆಯಿದೆ. ನಾವು ಕುಡುಗೋಲು ಕಣದ ಜಾಡು ಹಿಡಿದು ಹೋಗೋಣ, ಉಳಿದೆರಡು ದಾರಿಯಲ್ಲೇ ಸಿಗುತ್ತವೆ.

ಷಿಕಾಗೊದ ಗಾಜಿನ ಪಟ್ಟಿ

1904ರ ಡಿಸೆಂಬರಿನಲ್ಲಿ ಅಮೆರಿಕದ ಷಿಕಾಗೊ ನಗರದ ಆಸ್ಪತ್ರೆಯೊಂದಕ್ಕೆ ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿ ಬಂದ. ಹೆಸರು ವಾಲ್ಟರ್ ಕ್ಲೆಮೆಂಟ್ ನೋಯೆಲ್, ಊರು ವೆಸ್ಟ್ ಇಂಡೀಸಿನ ಗ್ರೆನಡ ದ್ವೀಪ, ಓದುತ್ತಿದ್ದದ್ದು ದಂತವೈದ್ಯ. ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್ ಅವನ ರಕ್ತದಲ್ಲಿ ಉದ್ದನೆಯ, ಬಾಗಿದ, ಕುಡುಗೋಲಿನಂಥ ಕೆಂಪು ಕಣಗಳನ್ನು ಕಂಡು ಹಿರಿಯ ವೈದ್ಯ ಜೇಮ್ಸ್ ಹೆರಿಕ್‌ಗೆ ತೋರಿಸಿದ. ಹೆರಿಕ್ ಆರು ವರ್ಷ ಕಾದು, 1910ರಲ್ಲಿ ಅದರ ವರದಿ ಪ್ರಕಟಿಸಿದ. ನೋಯೆಲ್ ಊರಿಗೆ ಮರಳಿ ದಂತವೈದ್ಯನಾಗಿ ದುಡಿದು 1916ರಲ್ಲಿ ನ್ಯುಮೋನಿಯದಿಂದ ತೀರಿಕೊಂಡ. ರೋಗದ ಚರಿತ್ರೆಯಲ್ಲಿ ಹೆರಿಕ್ ಹೆಸರು ಉಳಿಯಿತು, ರೋಗಿಯ ಹೆಸರು ಬಹುಕಾಲ ಯಾರಿಗೂ ಬೇಕಾಗಲಿಲ್ಲ.

ಮುಂದಿನ ಕೆಲವು ರೋಗಿಗಳೂ ಆಫ್ರಿಕನ್ ಮೂಲದವರೇ ಆಗಿದ್ದರು. ಅಷ್ಟಕ್ಕೇ ಅಮೆರಿಕದ ವೈದ್ಯಲೋಕ ಇದನ್ನು 'ಕರಿಯರ ರಕ್ತದ ರೋಗ' ಎಂದು ತೀರ್ಮಾನಿಸಿಬಿಟ್ಟಿತು. ಬಿಳಿ ಚರ್ಮದವನಲ್ಲಿ ಅದು ಕಂಡರೆ ಅವನ ವಂಶದಲ್ಲೇ ಎಲ್ಲೋ ಕಲಬೆರಕೆ ಇರಬೇಕೆಂದು ವಾದಿಸಿದವರೂ ಇದ್ದರು. ಒಂದು ರೋಗದ ಗುರುತನ್ನು ಜನಾಂಗದ ಗುರುತಾಗಿ ಮಾಡಿದ ಈ ತಪ್ಪು ನೆನಪಿರಲಿ, ನಮ್ಮ ಜಿಲ್ಲೆಯ ಸಂದರ್ಭದಲ್ಲಿ ಅದು ಮತ್ತೆ ಎದುರಾಗುತ್ತದೆ.

ಅಣುವಿನಲ್ಲಿ ಒಂದಕ್ಷರ

1949 ಈ ಚರಿತ್ರೆಯಲ್ಲಿ ದೊಡ್ಡ ವರ್ಷ. ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರೋಗಿಗಳ ಹೀಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಚಲಿಸುತ್ತದೆಂದು ತೋರಿಸಿದರು. ಪ್ರಬಂಧದ ಶೀರ್ಷಿಕೆಯಲ್ಲೇ ಅವರು ಇದನ್ನು ಅಣುವಿನ ರೋಗವೆಂದು ಕರೆದರು. ಅದೇ ವರ್ಷ ಜೇಮ್ಸ್ ನೀಲ್ ಇದರ ಆನುವಂಶಿಕ ಕ್ರಮವನ್ನು ಸ್ಪಷ್ಟಪಡಿಸಿದ. ತಂದೆ ತಾಯಿ ಇಬ್ಬರಿಂದಲೂ ಈ ಜೀನ್ ಬಂದರೆ ರೋಗ, ಒಬ್ಬರಿಂದ ಮಾತ್ರ ಬಂದರೆ ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. 1956–57ರಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದ. ಹೀಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಬಂದಿದೆ. ವ್ಯತ್ಯಾಸ ಅಷ್ಟೇ.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಾವೇಶವಿದೆ, ವ್ಯಾಲೀನ್‌ಗೆ ಇಲ್ಲ. ಒಂದು ಹೀಮೋಗ್ಲೋಬಿನ್ ಅಣುವಿನಲ್ಲಿ ಎರಡು ಬೀಟಾ ಸರಪಳಿಗಳಿರುವುದರಿಂದ ಎರಡು ಋಣ ಆವೇಶಗಳು ಕಡಿಮೆಯಾಗುತ್ತವೆ. ಪಾಲಿಂಗ್ ತಂಡ ಕಂಡ ವೇಗದ ವ್ಯತ್ಯಾಸಕ್ಕೆ ಇದೇ ಕಾರಣ. ಇನ್ನೊಂದು ಪರಿಣಾಮವೂ ಇದೆ. ವ್ಯಾಲೀನ್ ನೀರಿನಿಂದ ದೂರ ಸರಿಯುವ ಸ್ವಭಾವದ್ದು. ಆಕ್ಸಿಜನ್ ಬಿಟ್ಟುಕೊಟ್ಟ ಅಣುಗಳು ಇದರ ಮೂಲಕ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ. ಮೆತ್ತನೆಯ ಕಣ ಬಾಗಿ ಬಿರುಸಾಗುತ್ತದೆ, ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕಡೆಯ ಅಂಗಾಂಶಕ್ಕೆ ಆಕ್ಸಿಜನ್ ಸಿಗದೆ ಸಹಿಸಲಾರದ ನೋವು ಬರುತ್ತದೆ. 120 ದಿನ ಬಾಳಬೇಕಾದ ಕೆಂಪು ಕಣ 10–20 ದಿನಗಳಲ್ಲೇ ಒಡೆಯುತ್ತದೆ. ಒಡೆದ ಕಣಗಳನ್ನು ಸೋಸುತ್ತ ಮಗುವಿನ ಗುಲ್ಮ ಮೊದಲು ಊದುತ್ತದೆ, ರೋಗ ತೀವ್ರವಾಗಿದ್ದರೆ ಕಾಲಕ್ರಮೇಣ ಅದು ಸುಕ್ಕಿ ನಿಷ್ಕ್ರಿಯವಾಗುತ್ತದೆ.

ಇಷ್ಟು ಕೆಟ್ಟ ಜೀನ್ ಪ್ರಕೃತಿಯಲ್ಲಿ ಏಕೆ ಉಳಿಯಿತು? ಆಂಟನಿ ಅಲಿಸನ್ ಪೂರ್ವ ಆಫ್ರಿಕದಲ್ಲಿ ಓಡಾಡಿ ಒಂದು ವಿಚಿತ್ರ ಗಮನಿಸಿದ. ಕರಾವಳಿಯಲ್ಲಿ ಮತ್ತು ವಿಕ್ಟೋರಿಯ ಸರೋವರದ ಸುತ್ತ ವಾಹಕರು ಹೆಚ್ಚು, ತಂಪಾದ ಎತ್ತರದ ನಾಡಿನಲ್ಲಿ ತೀರ ಕಡಿಮೆ. ಮಲೇರಿಯದ ನಕ್ಷೆಯೂ ಹಾಗೆಯೇ ಇತ್ತು. ವಾಹಕ ಮಕ್ಕಳಿಗೆ ಮಾರಕ ಮಲೇರಿಯದಿಂದ ರಕ್ಷಣೆ ಸಿಗುತ್ತದೆಂದು ಅವನು 1954ರಲ್ಲಿ ಪ್ರಕಟಿಸಿದ. ಥಲಸ್ಸೀಮಿಯ ಕುರಿತು ಇಂಥದೇ ಊಹೆಯನ್ನು ಜೆ. ಬಿ. ಎಸ್. ಹಾಲ್ಡೇನ್ ಅದಕ್ಕೂ ಮೊದಲೇ ಮಂದಿಟ್ಟಿದ್ದ. ಮುಂದೆ ಅವನು ಭಾರತಕ್ಕೇ ಬಂದು ನೆಲೆಸಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದದ್ದು ನಿಮಗೆ ಗೊತ್ತಿರಬಹುದು. ಎರಡು ಜೀನ್ ಬಂದ ಮಗು ರೋಗದಿಂದ ನರಳುತ್ತದೆ, ಒಂದೂ ಬರದ ಮಗು ಮಲೇರಿಯಕ್ಕೆ ಬಲಿಯಾಗುವ ಸಂಭವ ಹೆಚ್ಚು, ಒಂದು ಬಂದ ಮಗು ಬದುಕುತ್ತದೆ. ಈ ಜೀನನ್ನು ಕಾಪಾಡಿಕೊಂಡು ಬಂದದ್ದು ಸೊಳ್ಳೆ. ಚರ್ಮದ ಬಣ್ಣಕ್ಕೆ ಇಲ್ಲಿ ಯಾವ ಪಾತ್ರವೂ ಇಲ್ಲ.

ನೀಲಗಿರಿಯಲ್ಲಿ ಮುರಿದ ನಂಬಿಕೆ

1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರ ರಕ್ತ ಪರೀಕ್ಷಿಸಿದರು. ಕೆಲವು ಗುಂಪುಗಳಲ್ಲಿ ಸುಮಾರು ಶೇ. 30ರಷ್ಟು ಜನರಲ್ಲಿ ಕುಡುಗೋಲು ಗುಣ ಸಿಕ್ಕಿತು. ಅದೇ ವರ್ಷ ಅಸ್ಸಾಮಿನ ಚಹಾ ತೋಟಗಳ ಕೂಲಿಗಳಲ್ಲೂ ಅದು ವರದಿಯಾಯಿತು. ಇವರಾರೂ ಇತ್ತೀಚೆಗೆ ಆಫ್ರಿಕದಿಂದ ಬಂದವರಲ್ಲ. 'ಕರಿಯರ ರೋಗ'ದ ನಂಬಿಕೆ ಅಲ್ಲಿಗೆ ಮುರಿಯಿತು. ಆಮೇಲೆ ಮಧ್ಯಭಾರತದ ಉದ್ದಕ್ಕೂ, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದು ಕಂಡುಬಂತು.

ಹಾಗಾದರೆ ಆಫ್ರಿಕದ ಕುಡುಗೋಲು ಜೀನ್ ಮತ್ತು ಭಾರತದ ಕುಡುಗೋಲು ಜೀನ್ ಒಂದೇ ಮೂಲದವೆ? ಹಳಗನ್ನಡ ಗ್ರಂಥ ಸಂಪಾದಕರು ಇಂಥ ಪ್ರಶ್ನೆಯನ್ನು ಹೇಗೆ ಬಿಡಿಸುತ್ತಾರೆಂದು ನೆನಪಿಸಿಕೊಳ್ಳಿ. ಎರಡು ಓಲೆಗರಿಗಳಲ್ಲಿ ಒಂದೇ ತಪ್ಪು ಇದ್ದರೆ, ಆ ತಪ್ಪಿನ ಆಚೀಚೆಯ ಪಾಠಾಂತರಗಳನ್ನೂ ಹೋಲಿಸುತ್ತಾರೆ. ಅವೂ ಒಂದೇ ಆಗಿದ್ದರೆ ಎರಡೂ ಒಂದೇ ಮೂಲಪ್ರತಿಯ ನಕಲುಗಳು. ಡಿಎನ್‌ಎಯಲ್ಲೂ ಹಾಗೆಯೇ, ಜೀನಿನ ನೆರೆಹೊರೆಯ ಗುರುತುಗಳನ್ನು ನೋಡಬೇಕು. 1986ರಲ್ಲಿ ಕುಲೋಜಿಕ್ ಮತ್ತು ಸಂಗಡಿಗರು ಹೀಗೆ ನೋಡಿದಾಗ ಭಾರತ ಮತ್ತು ಪೂರ್ವ ಅರೇಬಿಯದ ಕುಡುಗೋಲು ಜೀನಿನ ನೆರೆಹೊರೆ ಒಂದೇ ಬಗೆಯದು, ಆಫ್ರಿಕದ ಬೆನಿನ್, ಸೆನೆಗಲ್, ಬಾಂಟು ಬಗೆಗಳಿಗಿಂತ ಬೇರೆಯದು ಎಂದು ತಿಳಿಯಿತು. ಏಷ್ಯದಲ್ಲಿ ಈ ಉತ್ಪರಿವರ್ತನೆ ಸ್ವತಂತ್ರವಾಗಿ ಆಗಿದೆ ಎಂದು ಅವರು ತೀರ್ಮಾನಿಸಿದರು. 2018ರಲ್ಲಿ ಶ್ರೈನರ್ ಮತ್ತು ರೋಟಿಮಿ ಇಡೀ ಜೀನೋಮ್‌ಗಳನ್ನು ಓದಿ, ಉತ್ಪರಿವರ್ತನೆ ಸುಮಾರು 7,300 ವರ್ಷಗಳ ಹಿಂದೆ ಒಂದೇ ಸಲ ಆಗಿದೆ ಎಂದು ವಾದಿಸಿ ಚರ್ಚೆಯನ್ನು ಮತ್ತೆ ತೆರೆದಿದ್ದಾರೆ. ಹೇಗಿದ್ದರೂ ಎರಡು ಬಗೆಗಳು ಸಾವಿರಾರು ವರ್ಷ ಬೇರೆ ಬೇರೆ ದಾರಿ ಹಿಡಿದಿವೆ ಎಂಬುದರಲ್ಲಿ ವಿವಾದವಿಲ್ಲ.

ಸಿದ್ದಿಯರ ರಕ್ತ ಹೇಳಿದ್ದು

ಈಗ ನಮ್ಮ ಕಾಡಿಗೆ ಮರಳೋಣ. ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ, ಯಲ್ಲಾಪುರ, ಅಂಕೋಲೆಗಳಲ್ಲಿ ಸಿದ್ದಿ ಸಮುದಾಯವಿದೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಅವರ ಹಿರಿಯರನ್ನು ಪೋರ್ಚುಗೀಸರೂ ಅರಬ್ ವ್ಯಾಪಾರಿಗಳೂ ಗುಲಾಮರನ್ನಾಗಿ ಆಫ್ರಿಕದಿಂದ ತಂದರು, ಗೋವೆಯಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡಿಗೆ ಸೇರಿದರು ಎಂಬುದು ಚರಿತ್ರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು.

ತಂದವರು ಅವರ ಊರು, ಭಾಷೆಗಳನ್ನು ಬರೆದಿಡಲಿಲ್ಲ. ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ರಕ್ತದ ಅಧ್ಯಯನ. ಕರ್ನಾಟಕದ ಸಿದ್ದಿಯರ ಆನುವಂಶಿಕ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. 2011ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ ಲಾಲ್‌ಜಿ ಸಿಂಗ್, ಕುಮಾರಸ್ವಾಮಿ ತಂಗರಾಜ್ ಮೊದಲಾದವರ ತಂಡ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಯರ ಜೀನೋಮ್‌ನಲ್ಲಿ ಲಕ್ಷಾಂತರ ಗುರುತುಗಳನ್ನು ಓದಿತು. ಮೂಲ ಸಹಾರದ ದಕ್ಷಿಣದ ಬಾಂಟು ಭಾಷಿಕರು ಎಂದು ಸ್ಪಷ್ಟವಾಯಿತು. ಸುತ್ತಲಿನ ಭಾರತೀಯರ ವಂಶವಾಹಿನಿಯೂ, ಬಹುಶಃ ಸ್ವಲ್ಪ ಯೂರೋಪಿನದೂ ಅದರಲ್ಲಿ ಬೆರೆತಿತ್ತು. ಭಾರತೀಯ ಬೆರಕೆ ಆದದ್ದು ಸುಮಾರು ಎಂಟು ತಲೆಮಾರುಗಳಿಂದೀಚೆಗೆ, ಎಂದರೆ ಹೆಚ್ಚುಕಡಿಮೆ ಇನ್ನೂರು ವರ್ಷಗಳಲ್ಲಿ.

ಇದರಿಂದ ಕುಡುಗೋಲು ಕಣದ ಬಗ್ಗೆ ಏನು ಹೇಳಬಹುದು? 'ಆಫ್ರಿಕ ಮೂಲ, ಆದ್ದರಿಂದ ಕುಡುಗೋಲು ಕಣ' ಎಂಬ ಸಮೀಕರಣ ಷಿಕಾಗೊದ ಹಳೆಯ ತಪ್ಪೇ. ಬಾಂಟು ನಾಡಿನಲ್ಲೂ ಬಹುಪಾಲು ಜನರಲ್ಲಿ ಈ ಜೀನ್ ಇಲ್ಲ. ಸಿದ್ದಿ ಮಗುವಿಗೆ ಇದು ಇದ್ದೇ ಇರುತ್ತದೆ ಎನ್ನುವಂತಿಲ್ಲ, ಪಕ್ಕದ ಮನೆಯ ಬೇರೆ ಸಮುದಾಯದ ಮಗುವಿಗೆ ಇರಲಾರದು ಎನ್ನುವಂತೆಯೂ ಇಲ್ಲ. ಈ ಜೀನಿಗೆ ಕರ್ನಾಟಕಕ್ಕೆ ಬರಲು ಎರಡು ದಾರಿಗಳಿವೆ, ಒಂದು ಸಮುದ್ರದ ದಾರಿ, ಇನ್ನೊಂದು ಈ ನೆಲದಲ್ಲೇ ಇರುವ ಅರಬ್–ಭಾರತೀಯ ಬಗೆ. ವೈದ್ಯರಿಗೆ ಈ ವ್ಯತ್ಯಾಸ ಮುಖ್ಯ. ಬಾಂಟು ಬಗೆಯಲ್ಲಿ ರೋಗ ಸರಾಸರಿ ಹೆಚ್ಚು ತೀವ್ರ, ಅರಬ್–ಭಾರತೀಯ ಬಗೆಯಲ್ಲಿ ಭ್ರೂಣ ಹೀಮೋಗ್ಲೋಬಿನ್ ಹೆಚ್ಚು ಉಳಿಯುವುದರಿಂದ ಹಲವರಲ್ಲಿ ಸೌಮ್ಯ. ಆದರೆ ನಮ್ಮ ದೇಶದಲ್ಲೂ ತೀವ್ರವಾಗಿ ನರಳುವ ಮಕ್ಕಳಿದ್ದಾರೆ, ಸರಾಸರಿಯನ್ನು ನಂಬಿ ಒಂದು ಮಗುವಿನ ನೋವನ್ನು ಅಲ್ಲಗಳೆಯಬಾರದು.

ಮುಂಡಗೋಡದವರು ಇನ್ನೊಂದು ರಕ್ತದ ಕಥೆಯನ್ನೂ ಕಣ್ಣೆದುರೇ ನೋಡುತ್ತಾರೆ. 1966ರಿಂದ ಅಲ್ಲಿ ಟಿಬೆಟನ್ ನೆಲೆಯಿದೆ. ಎತ್ತರದ ತೆಳುಗಾಳಿಯಲ್ಲಿ ನಮ್ಮ ರಕ್ತದ ಹೀಮೋಗ್ಲೋಬಿನ್ ಏರಿ ರಕ್ತ ಮಂದವಾಗುತ್ತದೆ, ಟಿಬೆಟನ್ನರಲ್ಲಿ ಹಾಗೆ ಅತಿಯಾಗಿ ಏರುವುದಿಲ್ಲ. ಅದರ ಹಿಂದಿನ ಜೀನ್‌ಗಳನ್ನು 2010ರಲ್ಲಿ ಗುರುತಿಸಲಾಯಿತು. ಒಂದೇ ತಾಲೂಕಿನ ಸಂತೆಯಲ್ಲಿ, ಸೊಳ್ಳೆ ತಿದ್ದಿದ ರಕ್ತವೂ ತೆಳುಗಾಳಿ ತಿದ್ದಿದ ರಕ್ತವೂ ಎದುರುಬದುರಾಗುವ ಜಾಗ ಜಗತ್ತಿನಲ್ಲಿ ಹೆಚ್ಚಿರಲಾರದು.

ಲ್ಯೂಕೀಮಿಯದ ಕಡೆಯಿಂದ ಬಂದ ನೆರವು

ಕುಡುಗೋಲು ಕಣದ ಶಿಶುಗಳು ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಇರುತ್ತವೆ. ಗರ್ಭದಲ್ಲಿದ್ದಾಗಿನ ಭ್ರೂಣ ಹೀಮೋಗ್ಲೋಬಿನ್ ಅವನ್ನು ಕಾಪಾಡುತ್ತದೆಂದು 1948ರಲ್ಲೇ ಅಮೆರಿಕದ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಊಹಿಸಿದ್ದರು. ಆ ಹೀಮೋಗ್ಲೋಬಿನ್ ಮತ್ತೆ ಹುಟ್ಟುವಂತೆ ಮಾಡಿದರೆ? ಉತ್ತರ ಸಿಕ್ಕಿದ್ದು ಕ್ಯಾನ್ಸರ್ ಔಷಧಗಳ ಕಪಾಟಿನಲ್ಲಿ. 1869ರಲ್ಲಿ ಜರ್ಮನಿಯಲ್ಲಿ ತಯಾರಾದ ಹೈಡ್ರಾಕ್ಸಿಯೂರಿಯ 1960ರ ದಶಕದಿಂದ ಲ್ಯೂಕೀಮಿಯದ ಕೆಲವು ಬಗೆಗಳಿಗೆ ಬಳಕೆಯಲ್ಲಿತ್ತು. ಅದು ಭ್ರೂಣ ಹೀಮೋಗ್ಲೋಬಿನ್ ಹೆಚ್ಚಿಸುತ್ತದೆಂದು 1980ರ ದಶಕದಲ್ಲಿ ತಿಳಿಯಿತು. 1995ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ಅದು ನೋವಿನ ಸರದಿಗಳನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆಂದು ತೋರಿಸಿತು. ಇಂದು ಅದು ಅಗ್ಗದ ಗುಳಿಗೆ.

1984ರಲ್ಲಿ ವರದಿಯಾದ ಒಂದು ಪ್ರಕರಣ ಇನ್ನೂ ವಿಸ್ಮಯದ್ದು. ಅಮೆರಿಕದ ಮೆಂಫಿಸ್ ನಗರದಲ್ಲಿ ಎಂಟು ವರ್ಷದ ಒಬ್ಬ ಹುಡುಗಿಗೆ ಕುಡುಗೋಲು ಕಣ ರೋಗದ ಜೊತೆಗೆ ತೀವ್ರ ಲ್ಯೂಕೀಮಿಯವೂ ಬಂತು. ಲ್ಯೂಕೀಮಿಯ ಗುಣಪಡಿಸಲೆಂದು ಒಡಹುಟ್ಟಿನ ಅಸ್ಥಿಮಜ್ಜೆಯನ್ನು ಅವಳಿಗೆ ಕಸಿ ಮಾಡಿದರು. ಎರಡೂ ರೋಗ ಹೋದವು. ಕುಡುಗೋಲು ಕಣ ಗುಣವಾಗಬಲ್ಲ ರೋಗವೆಂದು ಜಗತ್ತಿಗೆ ತಿಳಿದದ್ದು ಹೀಗೆ, ಒಂದು ಮಗುವಿಗೆ ಎರಡು ಕಷ್ಟ ಒಟ್ಟಿಗೆ ಬಂದಿದ್ದರಿಂದ.

ಲ್ಯೂಕೀಮಿಯ ಸಂಶೋಧನೆಯಲ್ಲೇ ಮೊದಲು ಪತ್ತೆಯಾಗಿದ್ದ ಬಿಸಿಎಲ್11ಎ ಎಂಬ ಜೀನ್, ಭ್ರೂಣ ಹೀಮೋಗ್ಲೋಬಿನ್‌ನ ಉತ್ಪಾದನೆಯನ್ನು ಅದುಮಿಡುತ್ತದೆಂದು 2008ರಲ್ಲಿ ಗೊತ್ತಾಯಿತು. ರೋಗಿಯ ಮೂಲಕೋಶಗಳನ್ನು ಹೊರತೆಗೆದು, ರಕ್ತಕೋಶಗಳಲ್ಲಿ ಆ ಜೀನ್ ಕೆಲಸ ಮಾಡದಂತೆ ಕತ್ತರಿಸಿ ಮರಳಿ ಸೇರಿಸುವ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕ ಅನುಮತಿ ಕೊಟ್ಟವು. ಅದರ ಬೆಲೆ ಕೋಟಿಗಳಲ್ಲಿದೆ. ಜೋಯಿಡಾದ ಮಗುವಿಗೆ ಸದ್ಯಕ್ಕೆ ಅದಕ್ಕಿಂತ ಉಪಯುಕ್ತವಾದದ್ದು ಹೈಡ್ರಾಕ್ಸಿಯೂರಿಯ, ಲಸಿಕೆ ಮತ್ತು ಪೆನಿಸಿಲಿನ್. ಎಳೆಯ ಮಕ್ಕಳಿಗೆ ದಿನವೂ ಪೆನಿಸಿಲಿನ್ ಕೊಟ್ಟರೆ ನ್ಯುಮೊಕಾಕಸ್ ಸೋಂಕು ಶೇ. 84ರಷ್ಟು ಇಳಿಯುತ್ತದೆಂದು 1986ರಲ್ಲೇ ತೋರಿಸಲಾಗಿದೆ. ಗುಲ್ಮ ಸುಕ್ಕಿದ ಮಗುವಿಗೆ ಆ ಸೋಂಕೇ ಮೊದಲ ಶತ್ರು.

ಚೀಟಿ ಮತ್ತು ಶಾಲೆ

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ರಾಷ್ಟ್ರೀಯ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನ ಆರಂಭವಾಯಿತು. ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ, ನಲವತ್ತು ವರ್ಷದವರೆಗಿನ ಸುಮಾರು ಏಳು ಕೋಟಿ ಜನರನ್ನು ಪರೀಕ್ಷಿಸುವುದು, 2047ರೊಳಗೆ ರೋಗವನ್ನು ನಿವಾರಿಸುವುದು ಅದರ ಗುರಿ. ಹಳ್ಳಿಯಲ್ಲಿ ಮೊದಲು ಮಾಡುವ ಕರಗುವಿಕೆಯ ಪರೀಕ್ಷೆ ಸರಳವಾದದ್ದು. ಕುಡುಗೋಲು ಹೀಮೋಗ್ಲೋಬಿನ್ ಇದ್ದರೆ ದ್ರಾವಣ ಮಬ್ಬಾಗಿ ಹಿಂದಿನ ಗೆರೆಗಳು ಕಾಣುವುದಿಲ್ಲ. ಆದರೆ ಅದು ವಾಹಕರನ್ನೂ ರೋಗಿಗಳನ್ನೂ ಬೇರ್ಪಡಿಸದು, ನವಜಾತ ಶಿಶುಗಳಲ್ಲಿ ನಂಬುವಂತಿಲ್ಲ. ಎರಡನೆಯ ಪರೀಕ್ಷೆ ಆಗದೆ ಯಾರಿಗೂ ರೋಗಿ ಎಂಬ ಚೀಟಿ ಅಂಟಿಸಬಾರದು.

ತರಗತಿಯಲ್ಲಿ ಈ ಲೆಕ್ಕ ಮಾಡಿಸಿ: ಒಂದು ಊರಿನಲ್ಲಿ ಐವರಲ್ಲಿ ಒಬ್ಬರು ವಾಹಕರೆಂದುಕೊಳ್ಳಿ. ಮದುವೆಗಳು ಯಾವ ಆಯ್ಕೆಯೂ ಇಲ್ಲದೆ ಆದರೆ 25 ಜೋಡಿಗಳಲ್ಲಿ ಒಂದರಲ್ಲಿ ಇಬ್ಬರೂ ವಾಹಕರು. ಅವರ ಪ್ರತಿ ಮಗುವಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಅಂದರೆ ನೂರು ಮಕ್ಕಳಿಗೆ ಒಂದು. ಲೆಕ್ಕ ಸುಲಭ, ಅದನ್ನು ಮದುವೆಯ ಮಾತುಕತೆಯಲ್ಲಿ ಬಳಸುವುದು ಸುಲಭವಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳು ತರಾತುರಿಯಲ್ಲಿ ಕಡ್ಡಾಯ ಪರೀಕ್ಷೆಯ ಕಾಯಿದೆ ಮಾಡಿದವು. ಆರೋಗ್ಯವಂತ ವಾಹಕರು ಕೆಲಸ, ವಿಮೆ ಕಳೆದುಕೊಂಡರು. ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೂ ವಾಹಕರನ್ನು ಸೇರಿಸಿಕೊಳ್ಳಲಿಲ್ಲ. 'ನಿರ್ಮೂಲನ' ಎಂಬ ಮಾತಿನ ಬಗ್ಗೆ ನನಗಿರುವ ಅಳುಕು ಇದೇ. ನಿವಾರಿಸಬೇಕಾದದ್ದು ಮಗುವಿನ ನೋವು. ವಾಹಕನೆಂಬ ಚೀಟಿ ಹುಡುಗಿಯೊಬ್ಬಳ ಜಾತಕದೋಷವಾಗಿ ಬದಲಾದರೆ ಮುಂದಿನ ಶಿಬಿರಕ್ಕೆ ಆ ಊರಿನಿಂದ ಯಾರೂ ಬರುವುದಿಲ್ಲ.

ಶಿಕ್ಷಕರೇ, ರೋಗವಿರುವ ಮಗು ನಿಮ್ಮ ತರಗತಿಯಲ್ಲೇ ಇರಬಹುದು. ಮುಖ ಬಿಳಿಚಿದೆಯೆಂದು ತಾನಾಗಿ ಕಬ್ಬಿಣದ ಮಾತ್ರೆ ಕೊಡಬೇಡಿ, ಕೊರತೆ ಇದೆಯೋ ಇಲ್ಲವೋ ಪರೀಕ್ಷೆ ಹೇಳಲಿ. ಬಿಸಿಲಿನಲ್ಲಿ ಓಡಿಸುವ ಶಿಕ್ಷೆ ಆ ಮಗುವಿಗೆ ನೋವಿನ ಸರದಿಯಾಗಬಹುದು. ಜ್ವರ ಬಂದ ದಿನವೇ ಆಸ್ಪತ್ರೆಗೆ ಕಳಿಸಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ಇನ್ನೊಂದು ಸಣ್ಣ ಸಂಗತಿ: ಈ ಮಕ್ಕಳ ಮೂತ್ರಪಿಂಡಗಳು ಮೂತ್ರವನ್ನು ಸಾಂದ್ರಗೊಳಿಸಲಾರವು, ನೀರು ಹೆಚ್ಚು ಬೇಕು, ಮೂತ್ರಕ್ಕೂ ಪದೇ ಪದೇ ಹೋಗಬೇಕು. ಪಾಠದ ನಡುವೆ ಬೆರಳೆತ್ತಿ ಎರಡನೇ ಸಲ ಹೊರಗೆ ಹೋಗಲು ಕೇಳಿದರೆ ಗದರಿಸದೆ ಕಳಿಸಿ. ಬರುವಾಗ ನೀರು ಕುಡಿದು ಬಾ ಎಂದೂ ಹೇಳಿ.